ಒಂದೇ ಕಂಪನಿಯ ವಿದ್ಯೆ

ಗುರುಸಿದ್ಧಪ್ಪ ಮಾಸ್ತರರು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತರಾದ ಮೇಲೆ ಮಲಪ್ರಭೆಯ ದಂಡೆಯ ಪುಟ್ಟ ಆಶ್ರಮಕ್ಕೆ ಬಂದು ಕೂತವರು. ಯಾರು ಏನೇ ಕೇಳಲಿ, ಮೊದಲು ಒಂದು ಕೆಲಸ ಹೇಳುವುದು ಅವರ ರೂಢಿ. ಉತ್ತರವೇನಿದ್ದರೂ ಆಮೇಲೆ, ಅದೂ ಅವರಿಗೆ ಮನಸ್ಸು ಬಂದರೆ.

ಒಂದು ಶನಿವಾರ ಬೆಳಿಗ್ಗೆ ಅವರ ಹಳೆಯ ಶಿಷ್ಯ ರಾಚಯ್ಯ ಬಂದ. ವಯಸ್ಸು ನಲವತ್ತಾರು. ಹುಬ್ಬಳ್ಳಿಯ ಒಂದು ದೊಡ್ಡ ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ರೌಟರುಗಳೆಂಬ ಪೆಟ್ಟಿಗೆಗಳನ್ನು ಸಂಭಾಳಿಸುವ ಕೆಲಸ. ಮಾಸ್ತರರು ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದರು.

"ಸರ್, ಇಪ್ಪತ್ತೆರಡು ವರ್ಷ ಒಂದ ಕಂಪನಿ ಸ್ವಿಚ್ಚು, ಒಂದ ಕಂಪನಿ ರೌಟರು ಕಲತೆ. ಆ ಕಂಪನಿ ಪರೀಕ್ಷಾ ಎಷ್ಟ ಅದಾವೋ ಅಷ್ಟೂ ಪಾಸ್ ಮಾಡೀನಿ. ಈಗ ನಮ್ಮ ಆಫೀಸಿನ್ಯಾಗ ಅವನ್ನೆಲ್ಲಾ ಕಿತ್ತು ಬ್ಯಾರೆ ಕಂಪನೀವು ಹಾಕ್ಯಾರ. ನಾ ಕಲತದ್ದೆಲ್ಲಾ ನೀರಾಗ ಹೋಮ ಮಾಡಿಧಂಗ ಆತೇನ್ರಿ?"

ಕಿಸೆಯಿಂದ ಮಡಚಿದ ಕಾಗದ ತೆಗೆದ.

"ರಾಜೀನಾಮೆ ಬರದೀನಿ. ನೀವು ಹೂಂ ಅಂದ್ರ ಸೋಮವಾರ ಕೊಟ್ಟುಬಿಡ್ತೀನಿ."

ಮಾಸ್ತರರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಧೋತರ ಹಿಂಡಿ ಹೆಗಲಿಗೇರಿಸಿದರು.

"ಆಶ್ರಮದ ಗ್ರಂಥಾಲಯದ ಇಂಟರ್ನೆಟ್ ಮೂರು ದಿನದಿಂದ ಸತ್ತೈತಿ. ಬಾ, ನೋಡು."

ಕೋಣೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಮೂಲೆಯಲ್ಲಿ ಒಂದು ಪೆಟ್ಟಿಗೆ, ಅದರಿಂದ ಹತ್ತಾರು ತಂತಿ. ಪೆಟ್ಟಿಗೆಯ ಮೇಲಿನ ಹೆಸರು ಸುಣ್ಣದಡಿ ಮುಚ್ಚಿಹೋಗಿತ್ತು.

"ಇದ್ಯಾವ ಕಂಪನೀದು ಸರ್? ನನಗ ಇದಕ್ಕ ಟೈಪ್ ಮಾಡೋ ಕಮಾಂಡು ಬರೂದಿಲ್ಲ."

"ಯಾವ ಕಂಪನೀದು ಅಂತ ನಾ ಕೇಳಿಲ್ಲ" ಎಂದು ಮಾಸ್ತರರು ಧೋತರ ಒಣಹಾಕಲು ಹೊರಗೆ ಹೋದರು.

ರಾಚಯ್ಯ ಒಬ್ಬನೇ ಕೂತ. ಒಬ್ಬನೇ ಕೂರುವುದು ಅವನಿಗೀಗ ಹೊಸದೇನಲ್ಲ. ಒಂದು ಕಾಲದಲ್ಲಿ ಆಫೀಸಿನಲ್ಲಿ ಅವನು ಊಟದ ಡಬ್ಬಿ ಬಿಚ್ಚಿದರೆ ಸುತ್ತ ನಾಲ್ಕು ಜನ ಸೇರುತ್ತಿದ್ದರು, ಅದು ಹೇಗೆ, ಇದು ಹೇಗೆ ಅಂತ ತಲೆ ತಿನ್ನುತ್ತಿದ್ದರು. ಈಗ ಎದುರಿನ ಕುರ್ಚಿ ಖಾಲಿ. ಯಾರೂ ಅವನನ್ನು ಬೈಯುವುದಿಲ್ಲ, ಯಾರೂ ಏನೂ ಕೇಳುವುದೂ ಇಲ್ಲ. ಬೈದಿದ್ದರೇ ವಾಸಿ ಅನಿಸುತ್ತಿತ್ತು.

ಬೇರೆ ದಾರಿಯಿಲ್ಲದೆ ಪೆಟ್ಟಿಗೆಯನ್ನೇ ದಿಟ್ಟಿಸಿದ. ಅದರ ಪುಟ್ಟ ದೀಪಗಳೆಲ್ಲ ಒಟ್ಟಿಗೆ, ಬಿಡುವೇ ಇಲ್ಲದೆ ಮಿನುಗುತ್ತಿದ್ದವು.

ಅವನು ತಟ್ಟನೆ ಎದ್ದ. ಒಂದೊಂದೇ ತಂತಿಯನ್ನು ಬೆರಳಲ್ಲಿ ಹಿಡಿದು ಹೋದ. ಒಂದು ತಂತಿ ಪೆಟ್ಟಿಗೆಯಿಂದ ಹೊರಟು, ಕಪಾಟಿನ ಹಿಂದೆ ಹಾದು, ಮತ್ತೆ ಅದೇ ಪೆಟ್ಟಿಗೆಗೆ ಬಂದು ಸೇರಿತ್ತು. ಸುಣ್ಣ ಬಳಿದ ಪುಣ್ಯಾತ್ಮ ಜೋತುಬಿದ್ದ ತುದಿಯನ್ನು ಕಂಡು, ಚೊಕ್ಕಟವಾಗಿರಲಿ ಅಂತ ಖಾಲಿ ತೂತಿಗೆ ಸಿಕ್ಕಿಸಿದ್ದ. ಹೊರಟ ಮಾಹಿತಿ ಹೊರಟಲ್ಲಿಗೇ ಬಂದು, ಗಿರಗಿರ ಸುತ್ತಿ, ಬೇರೆ ಯಾವುದಕ್ಕೂ ಜಾಗವಿಲ್ಲದಂತೆ ಮಾಡಿತ್ತು.

ಆ ತುದಿಯನ್ನು ಕಿತ್ತ. ದೀಪಗಳು ಶಾಂತವಾದವು. ಇಂಟರ್ನೆಟ್ ಬಂತು.

ರಾಚಯ್ಯ ಹೊರಗೆ ಓಡಿದ.

"ದೀಪ ಮಿನುಗೂದು ನೋಡಿದೆ, ತಂತಿ ಸುತ್ತಿಕೊಂಡಿತ್ತು, ಕಿತ್ತೆ. ತಿಳೀತು ಸರ್! ಕಂಪನಿ ಹೋದ್ರೂ ಬುನಾದಿ ಉಳೀತೈತಿ. ಆ ಕಮಾಂಡು, ಆ ಪರೀಕ್ಷಾ, ಎಲ್ಲಾ ದಂಡ."

"ದೀಪ ಹಂಗ ಮಿನುಗಿದ್ರ ತಂತಿ ಸುತ್ತಿಕೊಂಡೈತಿ ಅಂತ ಎಲ್ಲಿ ಕಲತಿ? ನಾ ಅಂತೂ ಕಲಿಸಿಲ್ಲ."

ರಾಚಯ್ಯನ ಉತ್ಸಾಹ ಇಳಿಯಿತು. ನೌಕರಿಗೆ ಸೇರಿದ ಮೊದಲ ವರ್ಷ ತಂತಿಯನ್ನು ಹಾಗೆ ಸಿಕ್ಕಿಸಿ ಇಡೀ ಆಫೀಸನ್ನು ಅರ್ಧ ದಿನ ನಿಲ್ಲಿಸಿದವನು ಅವನೇ. ಆವತ್ತೂ ಪೆಟ್ಟಿಗೆಯ ದೀಪಗಳು ಹೀಗೇ ಮಿನುಗಿದ್ದವು.

"ಆ ಕಂಪನಿ ಪೆಟಿಗ್ಯಾಗ ಕಲತೆ ಸರ್."

"ಮತ್ತ ಅದನ್ನ ಯಾಕ ಬೈತಿ?"

ರಾಚಯ್ಯ ಕಿಸೆಯ ಕಾಗದವನ್ನು ಮುಟ್ಟಿ ನೋಡಿಕೊಂಡ. ಅದು ಮಾಸ್ತರರ ಕಣ್ಣಿಗೆ ಬಿತ್ತು.

"ಕಲತದ್ದು ಎಲ್ಲೂ ಹೋಗಿಲ್ಲ ಅಂತ ನಿನಗ ಗೊತ್ತಾತು. ಹಂಗಿದ್ರ ಆ ಕಾಗದ ಯಾಕ ಬರದಿ? ಖರೇ ಹೇಳು."

ರಾಚಯ್ಯ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದ.

"ಹಳೇ ಪೆಟಿಗೀಗೆ ಒಂದ ಸಲ ಹೇಳಿದ್ರ ಸಾಕಿತ್ತು ಸರ್. ಹೊಸಾದು ಹಂಗಲ್ಲ. ಹೇಳಿದ್ದು ಮಾಡಿ ಹತ್ತು ಮಿನಿಟು ಕಾಯತೈತಿ. ಅಷ್ಟರಾಗ ಮತ್ತೊಮ್ಮೆ ಹೌದು ಅನ್ನದಿದ್ರ ಎಲ್ಲಾ ಅಳಿಸಿ ಮೊದಲಿನಂಗ ಆಗತೈತಿ. ನನಗ ಗೊತ್ತಿರಲಿಲ್ಲ. ಮೂರು ಸಲ ಬರದೆ, ಮೂರು ಸಲಾನೂ ಅಳಿಸಿಹೋತು. ಪೆಟಿಗಿ ಕೆಟ್ಟೈತಿ ಅಂತ ಎಲ್ಲಾರ ಮುಂದ ಒದರಾಡಿದೆ."

"ಆಮ್ಯಾಲೆ?"

"ಬಾಜೂ ಮೇಜಿನ ಹುಡುಗಿ ಬಂದು ಒಂದ ಸಾಲು ಟೈಪ್ ಮಾಡಿದ್ಲು. ಬರದದ್ದು ಅಳಿಸದ ನಿಂತತು. 'ನನಗೂ ಮೊದಲ ಹಿಂಗ ಆಗಿತ್ರಿ ಸರ್, ಬರ್ರಿ, ತೋರಸ್ತೀನಿ' ಅಂದ್ಲು. ನಾ ಆಕೀ ಮಾರಿ ಸುದ್ದಾ ನೋಡ್ಲಿಲ್ಲ. ಎದ್ದು ಹೋಗಿ ಈ ಕಾಗದ ಬರದೆ."



"ಹೆಸರೇನು?" ಎಂದರು ಮಾಸ್ತರರು.

"ಪೆಟಿಗೀದಾ ಸರ್?"

"ಹುಡುಗೀದು."

 ಆ ಹುಡುಗಿ ಪಕ್ಕದ ಮೇಜಿಗೆ ಬಂದು ಎಂಟು ತಿಂಗಳಾಗಿತ್ತು. ರಾಚಯ್ಯ ಅವಳ ಹೆಸರು ಕೇಳಿರಲೇ ಇಲ್ಲ.

ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟರು.

"ಸೋಮವಾರ ಹೋಗಿ ಮೊದಲ ಅದನ್ನ ಕೇಳು, ರಾಚಯ್ಯಾ. ಗುರುವಿನ ಹೆಸರು ಗೊತ್ತಿಲ್ದ ಕಲೀಲಿಕ್ಕೆ ಕುಂದ್ರಬಾರದು."