ಎತ್ತಿನ ದಳ್ಳಾಳಿಯ ನಾಲಿಗೆ

"ಗುರುಗಳೇ, ಗುಣವಾದ ರೋಗ ಮತ್ತೆ ಬರಬಹುದೆಂದು ತಿಳಿದವನು ಹೆದರದೆ ಬದುಕುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಎತ್ತಿನ ದಳ್ಳಾಳಿಯೊಬ್ಬನಿದ್ದ. ಎತ್ತಿನ ಬಾಯಿ ಬಿಡಿಸಿ, ಹಲ್ಲು ನೋಡಿ, ಅದರ ವಯಸ್ಸು ಹೇಳುತ್ತಿದ್ದ. ಅವನ ದವಡೆಯಲ್ಲಿ ಸದಾ ಹೊಗೆಸೊಪ್ಪು. ಒಂದು ವರ್ಷ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಮಾಯಲಿಲ್ಲ. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ವೈದ್ಯೆ ನಾಲಿಗೆಯ ಒಂದು ಭಾಗವನ್ನು ಕತ್ತರಿಸಿ ತೆಗೆದರು.

ಮನೆಗೆ ಕಳಿಸುವಾಗ ಅವರು, "ಹೊಗೆಸೊಪ್ಪು ಮುಟ್ಟಬೇಡಿ. ಮೊದಲ ಎರಡು ವರ್ಷ ಇದು ಮರಳುವ ಸಂಭವ ಹೆಚ್ಚು. ತಿಂಗಳಿಗೊಮ್ಮೆ ಬಂದು ತೋರಿಸಿ," ಎಂದರು.

ಹೆಂಡತಿ ಗಂಜಿ ಸೋಸಿ ಕುಡಿಸಿದಳು. ಅವನು ದಿನವೂ ನಾಲಿಗೆಯನ್ನು ಆಚೆ ಈಚೆ ಹೊರಳಿಸುವ ಅಭ್ಯಾಸ ಮಾಡಿದ. ಮೊದಮೊದಲು ಹೆಂಡತಿಯ ಹೆಸರೂ ಸರಿಯಾಗಿ ಹೊರಡುತ್ತಿರಲಿಲ್ಲ. ಮೂರನೆಯ ತಿಂಗಳು ಮುದ್ದೆ ನುಂಗಿದ. ಹೊಗೆಸೊಪ್ಪಿನ ಚೀಲವನ್ನು ತಾನೇ ಒಲೆಗೆ ಹಾಕಿದ. ನಾಲ್ಕು ತಿಂಗಳು ತಪ್ಪದೆ ಆಸ್ಪತ್ರೆಗೆ ಹೋದ. ಐದನೆಯ ತಿಂಗಳು ಹೋಗಲಿಲ್ಲ. ಆರನೆಯ ತಿಂಗಳೂ ಹೋಗಲಿಲ್ಲ.

"ಹೆದರಿಕೆಯೇ?" ಎಂದು ಹೆಂಡತಿ ಕೇಳಿದಳು.

"ನೋಡಿದರೆ ತಾನೆ ಇದೆ ಎನ್ನುತ್ತಾರೆ," ಎಂದ.

"ಬಾಯಿ ಬಿಡಿಸಲು ಬಿಡದ ಎತ್ತನ್ನು ನೀವು ಯಾರಿಗಾದರೂ ಕೊಡಿಸುತ್ತೀರಾ?"

ಮರುದಿನ ಬೆಳಿಗ್ಗೆ ಅವನು ಬಿಸಿಲಿಗೆ ಮುಖ ಮಾಡಿ ಕೂತು, ಅವಳೆದುರು ಬಾಯಿ ತೆರೆದ. ಹೊಲಿಗೆಯ ಗುರುತಿನ ಪಕ್ಕದಲ್ಲಿ ರಾಗಿಕಾಳಿನಷ್ಟು ಕೆಂಪು ಕಂಡಿತು. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅವನಿಗೆ ಅರ್ಥವಾಯಿತು. ಇಬ್ಬರೂ ಆಸ್ಪತ್ರೆಯ ಬಸ್ಸು ಹತ್ತಿದರು.

ರೋಗ ಮರಳಿತ್ತು. ಆದರೆ ಇನ್ನೂ ಚಿಕ್ಕದಿತ್ತು, ಕುತ್ತಿಗೆಗೆ ಇಳಿದಿರಲಿಲ್ಲ. ವೈದ್ಯೆ ಮತ್ತೆ ಕತ್ತರಿಸಿದರು. ಕೆಲವು ವಾರ ವಿಕಿರಣ ಚಿಕಿತ್ಸೆಯೂ ನಡೆಯಿತು. ಎಲ್ಲವೂ ಮತ್ತೆ ಗಂಜಿಯಿಂದಲೇ ಶುರುವಾಯಿತು.

ಇದಾಗಿ ಮೂರು ವರ್ಷ. ಅವನ ಮಾತು ಈಗಲೂ ತೊದಲುತ್ತದೆ. ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸಿ ವ್ಯಾಪಾರ ಕುದುರಿಸುತ್ತಾನೆ. ಅದಕ್ಕೆ ಮಾತು ಬೇಕಿಲ್ಲ. ವೈದ್ಯೆ ಹೇಳಿದ ದಿನ ಮಾತ್ರ ಸಂತೆಯಿದ್ದರೂ ಬಿಟ್ಟು ಆಸ್ಪತ್ರೆಗೆ ಹೋಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಕೊನೆಗೂ ಅವನ ಹೆದರಿಕೆ ಹೋಯಿತು," ಎಂದ ಶಿಷ್ಯ.

"ಇಲ್ಲ, ಅವನು ಹೆದರುತ್ತಲೇ ಬಾಯಿ ತೆರೆಯುತ್ತಾನೆ."