ಗೇಣು ಕಡಿಮೆ ಬಿದ್ದ ದಾರ

ಯಾವೂರು ಎಂದು ಕೇಳಬೇಡಿ. ಹೊಳೆಯ ಈಚೆ ದಡದಲ್ಲಿ ಊರು, ಆಚೆ ದಡದಲ್ಲಿ ಆಸ್ಪತ್ರೆ. ಆ ಊರಲ್ಲೊಬ್ಬಳು ಮುತ್ತಕ್ಕ. ಅವಳಿಗೊಬ್ಬನೇ ಮಗ ಬಚ್ಚ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಸಂಕಟ.

ಗಂಡನಿಗೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಕೊಡಪಾನ. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಈಗ ಮುತ್ತಕ್ಕನ ಹೊಟ್ಟೆಯೂ ಅದೇ ದಾರಿ ಹಿಡಿದಿತ್ತು. ನಾಲ್ಕು ಹೆಜ್ಜೆಗೆ ಏದುಸಿರು. ಆಸ್ಪತ್ರೆಗೆ ಹೋಗು ಎಂದರೆ, “ತಕ್ಕಡಿ ಹತ್ತಿಸಿ ದಪ್ಪ ಅಂತಾರೆ. ಅಷ್ಟು ನಂಗೆ ಗೊತ್ತಿಲ್ವಾ?” ಅನ್ನುವಳು.

ಆಸ್ಪತ್ರೆಯ ನರ್ಸ್ ಸಿಸಿಲಿ ಬಾಯಿ ಬಚ್ಚನನ್ನು ಕರೆದು ಹೇಳಿದಳು: “ತೂಕ ಬೇಡ. ಅಮ್ಮನ ಎತ್ತರಕ್ಕೆ ದಾರ ತಗೋ, ಅರ್ಧಕ್ಕೆ ಕತ್ತರಿಸು, ಹೊಕ್ಕುಳಿನ ನೇರಕ್ಕೆ ಸೊಂಟ ಸುತ್ತು. ತುದಿಗೆ ತುದಿ ಮುಟ್ಟಿದರೆ ಚಿಂತೆಯಿಲ್ಲ. ಮುಟ್ಟದಿದ್ದರೆ ಒಳಗೆ ಕೊಬ್ಬು ಕೂತಿದೆ, ಕರ್ಕೊಂಡು ಬಾ.”

ಬಚ್ಚ ಸುತ್ತಿದ. ಸೀರೆಯ ಮೇಲೆ, ನೆರಿಗೆಯ ಮೇಲೆ, ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಸಂಚಿಯ ಮೇಲೆ.

“ಮುಟ್ಟಲಿಲ್ಲ ಅಮ್ಮಾ.”

“ನನ್ನ ಅಳೆದ್ಯೋ, ಸಂಚಿ ಅಳೆದ್ಯೋ? ಅಳೆಯೋ ಮುಂಚೆ ಸುತ್ತಿದ್ದನ್ನೆಲ್ಲ ಬಿಚ್ಚಬೇಕು.”

ಸರಿ. ಮರುದಿನ ಸೋದರಮಾವ ಶೀನ, “ಬಿತ್ತನೆ ಭತ್ತ ಎಷ್ಟಿದೆ, ಅಳೆದು ಹೇಳು” ಅಂದ. ಭತ್ತವಿದ್ದದ್ದು ಮುಡಿಯಲ್ಲಿ, ಹುಲ್ಲಿನ ಹಗ್ಗ ಸುತ್ತಿ ಸುತ್ತಿ ಬಿಗಿದ ಮುಡಿಯಲ್ಲಿ. ಬಚ್ಚ ಹಗ್ಗವನ್ನೆಲ್ಲ ಬಿಚ್ಚಿದ. ಭತ್ತ ಅಂಗಳವೆಲ್ಲ ಹರಿಯಿತು, ಕೋಳಿಗಳಿಗೆ ಹಬ್ಬ.

“ಬಿಚ್ಚಿದ್ದು ಕಣ್ಣಿಗೆ ಬಿದ್ದರೆ ಕಟ್ಟಬೇಕು ಮಾರಾಯ, ಬಿಗಿಯಾಗಿ ಕಟ್ಟಬೇಕು,” ಎಂದ ಮಾವ.

ಸರಿ. ಬಚ್ಚ ಮನೆಗೆ ಬಂದ. ತಾಯಿ ಈ ಸಲ ಸಂಚಿ ತೆಗೆದಿಟ್ಟು, ಸೀರೆ ಸರಿಸಿ ನಿಂತಳು. ದಾರ ಸುತ್ತಿ ಕಾಲು ಕೊಟ್ಟು ಎಳೆದ. ದಾರ ಮೈಯೊಳಗೆ ಹುದುಗಿತು.

“ಮುಟ್ಟಿತು ಅಮ್ಮಾ.”

“ಜೀವ ಹೋಗುತ್ತೆ, ಬಿಡೋ. ಬಿಗಿದರೆ ದಾರ ಸುಳ್ಳು ಹೇಳುತ್ತೆ. ನಾನು ಉಸಿರು ಹೊರಗೆ ಬಿಡ್ತೇನೆ, ಆಮೇಲೆ ಹಗುರಕ್ಕೆ ಹಿಡಿ.”

ಹಗುರಕ್ಕೆ ಹಿಡಿದ. ಎರಡು ತುದಿಗಳ ನಡುವೆ ಒಂದು ಗೇಣು ಖಾಲಿ.

ಮುತ್ತಕ್ಕ ಆ ಖಾಲಿಯನ್ನು ನೋಡುತ್ತ ಕೂತಳು. ನನ್ನ ನಂತರ ಇವನಿಗೆ ಯಾರು? “ಈ ಗೇಣು ತುಂಬಿದರೆ ಮಾತ್ರ ನಾನು ಉಳಿದೆ ಮಗಾ,” ಅಂದಳು.

ತುಂಬಬೇಕು. ಬಚ್ಚ ತನ್ನ ಉಡಿದಾರ ಕಡಿದ, ಒಂದು ಗೇಣು ತೆಗೆದು ಅಮ್ಮನ ದಾರಕ್ಕೆ ಗಂಟು ಹಾಕಿದ. ನರ್ಸಿಗೆ ತೋರಿಸಲು ಹೊಳೆಯತ್ತ ಓಡಿದ.

ಆ ಊರಲ್ಲಿ ಗಂಡಸರು ಉಡಿದಾರ ಕಡಿಯುವುದು ಹೆತ್ತವರು ತೀರಿಕೊಂಡಾಗ ಮಾತ್ರ. ಬರಿಮೈಯ ಬಚ್ಚನ ಬರಿಸೊಂಟ ನೋಡಿ ದೋಣಿಯ ಅಣ್ಣು ಹುಟ್ಟು ಕೆಳಗಿಟ್ಟ.

“ಬಚ್ಚಾ, ಅಮ್ಮ?”

“ಅಮ್ಮಂದು ಮುಗೀತು. ಇನ್ನು ಚಿಂತೆಯಿಲ್ಲ.”

ಸುದ್ದಿ ಹಬ್ಬಿತು. ಶೀನ ದಡದ ಮೆಳೆಯಲ್ಲೇ ಚಟ್ಟಕ್ಕೆ ಬಿದಿರು ಕಡಿಸಿ ಹೊರಿಸಿಕೊಂಡು ಬಂದ. ಅಷ್ಟರಲ್ಲಿ ದಡದ ದಾರಿಯಲ್ಲಿ ಕೂತು ಎದ್ದು, ಕೂತು ಎದ್ದು, ಮುತ್ತಕ್ಕನೇ ಬಂದಳು, ಸುಳ್ಳು ದಾರ ಆಸ್ಪತ್ರೆ ಮುಟ್ಟಬಾರದೆಂದು.

“ಈ ಬಿದಿರು ಯಾರಿಗೆ ಶೀನಾ?”

ಶೀನ ಬಿದಿರನ್ನು ಕೆಳಗೆ ಹಾಕಿಸಿದ. ಅವಳು ಬಿದಿರಿನ ಉದ್ದವನ್ನು ಕಣ್ಣಲ್ಲೇ ಅಳೆದಳು. ತನ್ನ ಎತ್ತರಕ್ಕೆ ಸರಿಯಾಗಿತ್ತು.

“ಅಣ್ಣೂ, ದೋಣಿ ಬಿಚ್ಚು. ಆಸ್ಪತ್ರೆಗೆ ಹೋಗೋಣ.”

ಅವಳು ಹತ್ತಿ ಕೂತಳು, ಅಣ್ಣು ಹಗ್ಗ ಬಿಚ್ಚಿ ಹುಟ್ಟು ಹಿಡಿದ. ಬಿಚ್ಚಿದ ಹಗ್ಗ ಬಚ್ಚನ ಕಣ್ಣಿಗೆ ಬಿತ್ತು. ಗೂಟಕ್ಕೆ ಬಿಗಿಯಾಗಿ ಕಟ್ಟಿ, ಬಂದು ತಾಯಿಯ ಪಕ್ಕ ಕೂತ. ಅಣ್ಣು ಹುಟ್ಟು ಹಾಕಿದ, ಹಾಕಿದ. ದೋಣಿ ಕದಲಲಿಲ್ಲ.

ಮುತ್ತಕ್ಕ ತಿರುಗಿ ಗೂಟ ನೋಡಿದಳು, ಮಗನನ್ನು ನೋಡಿದಳು. “ಕಟ್ಟಿದ ಗಂಟು ಬಿಚ್ಚು ಮಗಾ,” ಅಂದಳು ಮೆಲ್ಲಗೆ.

ಬಚ್ಚ ಕೈಯಲ್ಲಿದ್ದ ದಾರದ ಗಂಟು ಬಿಚ್ಚಿದ. ಉಡಿದಾರದ ತುಂಡನ್ನು ತನ್ನ ಚಡ್ಡಿ ಜೇಬಿಗೆ ಹಾಕಿಕೊಂಡ. ಗೇಣು ಕಡಿಮೆಯ ದಾರವನ್ನು ಅಮ್ಮನ ಅಂಗೈಯಲ್ಲಿಟ್ಟ. ದೋಣಿ ಅಲ್ಲೇ ನಿಂತಿತ್ತು.