ಕ್ಯಾಪ್ಟನ್‌ಗೆ ಬಿಚ್ಚಲಾಗದ ಗಂಟು

ಹಾನಗಲ್ಲಿನ ಬಸಲಿಂಗ ಹಡಗಿನ ಖಲಾಸಿ ತರಬೇತಿ ಮುಗಿಸಿ, ಮೊದಲ ಕೆಲಸಕ್ಕಾಗಿ ಎಂಟು ತಿಂಗಳು ಅಲೆದಿದ್ದ. ಹೋದಲ್ಲೆಲ್ಲ ಒಂದೇ ಮಾತು: ಅನುಭವ ಇದೆಯಾ? ಮಂಗಳೂರಿನ ಹಡಗು ಕಂಪನಿಯೊಂದರ ಕ್ಯಾಪ್ಟನ್ ಮಸ್ಕರೇನ್ಹಸ್ ಕೂಡ ಅದನ್ನೇ ಕೇಳಿದರು.

"ಸಮುದ್ರವೇ ಇಲ್ಲದ ಊರಿನವನು ನೀನು. ನಾನು ಮೂವತ್ತು ವರ್ಷ ಹಡಗು ನಡೆಸಿದವನು. ನನಗೆ ಗೊತ್ತಿಲ್ಲದ ಒಂದು ಗಂಟಾದರೂ ನಿನಗೆ ಬರ್ತದಾ?"

"ಒಂದು ಬರ್ತೈತ್ರೀ ಸಾಹೇಬ್ರ. ನಿಮಗ ಬಿಚ್ಚಾಕ ಆಗ್ಲಿಲ್ಲಂದ್ರ ಕೆಲಸ ಕೊಡ್ತೀರೇನ್ರೀ?"

"ಧಾರಾಳ!" ಎಂದು ಕ್ಯಾಪ್ಟನ್ ಮೇಜಿನ ಮೇಲಿದ್ದ ಹಗ್ಗವನ್ನು ಅವನತ್ತ ಎಸೆದರು.

ಬಸಲಿಂಗ ಆ ಹಗ್ಗದಿಂದ ಕ್ಯಾಪ್ಟನ್ನರ ಚರ್ಮದ ಚೀಲವನ್ನೇ ಕುರ್ಚಿಯ ಕೈಗೆ ಕಟ್ಟಿದ. ಕ್ಯಾಪ್ಟನ್ ನಗುತ್ತ ಹಗ್ಗ ಎಳೆದರು. ಗಂಟು ಬಿಗಿಯಿತು. ಎದ್ದು ನಿಂತು ಎಳೆದರು. ಇನ್ನೂ ಬಿಗಿಯಿತು. ಕೋಟು ಕಳಚಿಟ್ಟು ಎಳೆದಾಗ ಕುರ್ಚಿಯೂ ಜೊತೆಗೇ ಬಂತು. ಕೊನೆಗೆ ಬೆವರೊರೆಸಿಕೊಂಡು ಕೈಬಿಟ್ಟರು.

ಬಸಲಿಂಗ ಹಗ್ಗವನ್ನು ಎಳೆಯಲಿಲ್ಲ. ಎರಡು ಬೆರಳಲ್ಲಿ ಹಿಡಿದು ಗಂಟಿನೊಳಕ್ಕೆ ತಳ್ಳಿದ. ಗಂಟು ಸಲೀಸಾಗಿ ಬಿಚ್ಚಿಕೊಂಡಿತು.

"ಇದನ್ನು ಯಾವ ಹಡಗಿನಲ್ಲಿ ಕಲಿತೆ ಮಾರಾಯ?"

"ಹಡಗಿನ್ಯಾಗಲ್ರೀ. ನಮ್ಮವ್ವ ಎಮ್ಮಿ ಹಿಂಗ ಕಟ್ತಾಳ್ರೀ. ಎಮ್ಮಿಗೆ ಎಳಿಯೋದಷ್ಟ ಗೊತ್ತು, ತಳ್ಳೋದು ಗೊತ್ತಿಲ್ಲ ನೋಡ್ರೀ."

ಆಡಿದ ಮೇಲೆ ತಾನೇನಂದೆ ಎಂಬುದು ಹೊಳೆದು ಅವನು ನಾಲಿಗೆ ಕಚ್ಚಿಕೊಂಡ. ಕ್ಯಾಪ್ಟನ್ ಅರೆಗಳಿಗೆ ದುರುಗುಟ್ಟಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನೇಮಕದ ಕಾಗದಕ್ಕೆ ಸಹಿ ಹಾಕಿ, ಹಗ್ಗವನ್ನು ಅವನ ಮುಂದಿಟ್ಟರು.

"ಸೋಮವಾರ ಹಡಗು ಹತ್ತು. ಈಗ ಕೂತುಕೊಂಡು ಈ ಎಮ್ಮೆಗೂ ಸ್ವಲ್ಪ ತಳ್ಳೋದು ಕಲಿಸು."